ಹೆಸರಿಗೆ ಬೇಕಾದ ಜಾಗ

"ಗುರುಗಳೇ, ನನ್ನ ಅಣ್ಣ ಎಂಥವನೆಂದು ಒಂದೂ ಬಿಡದೆ ನಿಮಗೆ ಹೇಳಿದ್ದೇನೆ. ಮಗಳ ಮದುವೆಗೆ ಅವನನ್ನು ಕರೆಯಬಾರದೆಂದಿದ್ದೇನೆ. ಇದು ಸರಿಯೇ?" ಎಂದು ಶಿಷ್ಯ ಮರಿದೇವ ಕೇಳಿದ.

ಗುರುಗಳು ಅವನನ್ನು ಕೂರಿಸಿ ಈ ಕತೆ ಹೇಳಿದರು.

ಒಂದೂರಿನ ಹೊರಗೆ ಗಾಲ್ಫ್ ಮೈದಾನವಿತ್ತು. ಅದರ ಕ್ಲಬ್ಬಿನವರಿಗೆ ಮೈದಾನದ್ದೊಂದು ಚಿತ್ರ ಬೇಕೆನಿಸಿತು. ಅದೂ ಹಿಂದಿನ ಕಾಲದಲ್ಲಿ ರೈಲು ನಿಲ್ದಾಣಗಳಲ್ಲಿ ಅಂಟಿಸುತ್ತಿದ್ದ ಜಾಹೀರಾತಿನ ಹಾಗೆ ಕಾಣಬೇಕು. ಒಬ್ಬ ಚಿತ್ರಗಾರನನ್ನು ಕರೆಸಿದರು. ಅವನು ಗುಡ್ಡಗಳನ್ನು ನುಣ್ಣಗೆ ಬರೆದ, ಹುಲ್ಲಿಗೆ ಎರಡೇ ಹಸಿರು ಬಳಿದ, ಗುಳಿಯಲ್ಲಿ ಕೆಂಪು ಬಾವುಟ ನಿಲ್ಲಿಸಿದ. ಅಂಥ ಚಿತ್ರಗಳಲ್ಲಿ ಆಕಾಶವನ್ನು ಖಾಲಿ ಬಿಟ್ಟು, ಅಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರು ಬರೆಯುವುದು ರೂಢಿ. ಮೈದಾನದ ನೇರಳೆ ಮರದ ತಲೆ ಸರಿಯಾಗಿ ಆ ಜಾಗಕ್ಕೇ ಬರುತ್ತಿತ್ತು. ಚಿತ್ರಗಾರ ಮರವನ್ನು ಬರೆಯದೆ ಬಿಟ್ಟ, ಅಲ್ಲಿ ಕ್ಲಬ್ಬಿನ ಹೆಸರು ಬರೆದ.

ಚಿತ್ರವನ್ನು ಕ್ಲಬ್ಬಿನ ಹಜಾರದಲ್ಲಿ ತೂಗುಹಾಕಿದರು. ಸದಸ್ಯರು ದಿನವೂ ಅದನ್ನು ನೋಡಿಕೊಂಡೇ ಆಟಕ್ಕೆ ಇಳಿಯುತ್ತಿದ್ದರು. ವಿಚಿತ್ರ ನೋಡು, ಮೂವತ್ತು ವರ್ಷ ಯಾರ ತಂಟೆಗೂ ಹೋಗದ ಮರ ಆರೇ ತಿಂಗಳಲ್ಲಿ ಎಲ್ಲರ ಕಣ್ಣಿಗೂ ಚುಚ್ಚತೊಡಗಿತು. ಒಬ್ಬ ಮಹನೀಯರಿಗೆ ಅದು ನೋಟ ಕೆಡಿಸಿತು, ಇನ್ನೊಬ್ಬರಿಗೆ ಚೆಂಡು ತಡೆಯಿತು. ಕೊನೆಗೆ ಮರ ಕಡಿಯಲು ಮಾಲಿಗೆ ಅಪ್ಪಣೆಯಾಯಿತು.

ಆ ಮರವನ್ನು ಸಸಿಯಿಂದ ಬೆಳೆಸಿದವನೇ ಆ ಮಾಲಿ. ಗರಗಸ ಮೊಂಡಾಗಿದೆ ಎಂದು ನೆಪ ಹೇಳಿ ನಾಲ್ಕು ದಿನ ತಳ್ಳಿದ. ಐದನೆಯ ದಿನ ಹಜಾರಕ್ಕೆ ಹೋಗಿ ಮೊದಲ ಸಲ ಆ ಚಿತ್ರ ನೋಡಿದ. ಅದರಲ್ಲಿ ಮರವಿಲ್ಲದ್ದನ್ನು ಕಂಡವನೇ ನೆಟ್ಟಗೆ ಚಿತ್ರಗಾರನ ಮನೆಗೆ ನಡೆದ.

"ಸ್ವಾಮಿ, ಆ ಮರ ನಿಮಗೇನು ಮಾಡಿತ್ತು? ಈಗ ಅದನ್ನ ಕಡೀಬೇಕಂತೆ."

"ಅಯ್ಯೋ, ಏನೂ ಮಾಡಿಲ್ಲಪ್ಪ. ಹೆಸರು ಬರೆಯೋಕೆ ಜಾಗ ಬೇಕಿತ್ತು, ಅಷ್ಟೇ."

ಹೇಳಿ ಮುಗಿಸುವಷ್ಟರಲ್ಲಿ ಚಿತ್ರಗಾರನಿಗೆ ನಾಚಿಕೆಯಾಯಿತು. ಅವನು ಕುಂಚ ಹಿಡಿದು ಮಾಲಿಯ ಜೊತೆಯಲ್ಲೇ ಬಂದ. ಬಣ್ಣ ತಿದ್ದುವುದಿದೆ ಎಂದು ಹೇಳಿ ಚಿತ್ರವನ್ನು ಕೆಳಗಿಳಿಸಿದ. ಆಕಾಶದಲ್ಲಿದ್ದ ಹೆಸರನ್ನು ಅಳಿಸಿ ನೇರಳೆ ಮರ ಬರೆದ. ಹೆಸರನ್ನು ಹುಲ್ಲಿನ ಕೆಳಗೆ ಸಣ್ಣದಾಗಿ ಬರೆದ. ಮಾಲಿಯ ಗರಗಸ ಇನ್ನೂ ಕೆಲವು ವಾರ ಮೊಂಡಾಗಿಯೇ ಇತ್ತು. ಅಷ್ಟರಲ್ಲಿ ಅದೇ ಮಹನೀಯರು ಚಿತ್ರದ ಮುಂದೆ ಕಾಫಿ ಕುಡಿಯುತ್ತಾ, "ಈ ಮರವೊಂದು ಇಲ್ಲದಿದ್ದರೆ ನಮ್ಮ ಮೈದಾನ ಬೋಳು" ಎನ್ನತೊಡಗಿದ್ದರು. ಕಡಿಯಲು ಹೇಳಿದ್ದು ಯಾರಿಗೂ ನೆನಪಿರಲಿಲ್ಲ.

ಕತೆ ಮುಗಿಯಿತು. ಮರ ಉಳಿಯಿತಲ್ಲ ಎಂದು ಮರಿದೇವ ಹಿಗ್ಗಿದ. ಆಗ ಗುರುಗಳು ಕೇಳಿದರು:

"ನಿನ್ನ ಹೆಸರಿಗೆ ಜಾಗ ಮಾಡಲು ಅಣ್ಣನ ಚಿತ್ರದಿಂದ ಏನನ್ನು ಬಿಟ್ಟೆ, ಮರಿದೇವ?"