ಹೊಸ ಪಂಪಿನ ಹಳೆಯ ಕೂಗು

ಪೊನ್ನಪ್ಪನ ರೇಸ್ ಕಾರಿನ ಪೆಟ್ರೋಲ್ ಟ್ಯಾಂಕಿಗೆ ಹೊಸ ಪಂಪು ಬಂದು ಕೂತಿತು. ಹಳೆಯದು ಕೀರಲು ದನಿಯಲ್ಲಿ ಕೂಗುತ್ತಿತ್ತೆಂದು ಅದನ್ನು ಕಿತ್ತು ಗುಜರಿಗೆ ಹಾಕಿದ್ದ. ಆದರೆ ಅದರ ಬಾಯಿಗಿದ್ದ, ಪೆಟ್ರೋಲ್ ಸೋಸುವ ಜಾಲರಿಯನ್ನು ಮಾತ್ರ ಬಿಚ್ಚಿ ಹೊಸದಕ್ಕೆ ಸಿಕ್ಕಿಸಿದ್ದ.

"ನೋಡು ತಮ್ಮಾ, ಈ ಕಾರಿನಲ್ಲಿ ಸದ್ದು ಮಾಡುವ ಹಕ್ಕು ನನ್ನೊಬ್ಬನದು. ನೀನು ತೆಪ್ಪಗಿರು," ಎಂದಿತು ಹಿಂದಿದ್ದ ದೊಡ್ಡ ಸೈಲೆನ್ಸರ್.

ಪಂಪಿಗೂ ಕೂಗುವ ಆಸೆಯೇನಿರಲಿಲ್ಲ. ಆದರೆ ಪೊನ್ನಪ್ಪ ಆಕ್ಸಿಲರೇಟರ್ ಒತ್ತಿದ್ದೇ ತಡ, ಬಲ ಹೆಚ್ಚಲೆಂದು ಹೊಸದಾಗಿ ಟರ್ಬೊ ಹಾಕಿಸಿಕೊಂಡಿದ್ದ ಎಂಜಿನ್ "ಪೆಟ್ರೋಲ್ ತಾ, ಇನ್ನೂ ತಾ!" ಎಂದು ಅಬ್ಬರಿಸಿತು. ಪಂಪು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎಳೆಯಿತು. ಎಳೆದರೆ ಬರಬೇಕಲ್ಲ! ಜಾಲರಿಯ ತುಂಬ ಕೆಸರು ಕಟ್ಟಿತ್ತು. ಪಂಪು ಕೀರಲು ದನಿಯಲ್ಲಿ ಕೂಗಿತು.

"ಬಾಯಿ ಮುಚ್ಚು! ನಿನ್ನನ್ನೂ ಗುಜರಿಗೆ ಹಾಕುತ್ತಾರೆ," ಎಂದು ಸೈಲೆನ್ಸರ್ ಗದರಿತು.

"ಹಾಕಲಿ. ಪೆಟ್ರೋಲ್ ಸಾಲದೆ ಎಂಜಿನ್ ಕಾದು ಸುಟ್ಟುಹೋಗುವುದನ್ನು ನೋಡಿಕೊಂಡು ನಾನು ಸುಮ್ಮನಿರಲಾರೆ. ಮೂರನೆಯ ಪಂಪನ್ನು ತಂದು ಕೂರಿಸಲಿ, ಅದೂ ಹೀಗೆಯೇ ಕೂಗುತ್ತದೆ!" ಎಂದ ಪಂಪು ಇನ್ನಷ್ಟು ಜೋರಾಗಿ ಕೂಗಿತು.

ಪೊನ್ನಪ್ಪ ಕಾರು ನಿಲ್ಲಿಸಿದ. "ಇದೇನಿದು, ಹೊಸದೂ ಅದೇ ರಾಗ ಎಳೆಯುತ್ತಿದೆಯಲ್ಲ!" ಎನ್ನುತ್ತ ಪಂಪನ್ನು ಹೊರಗೆಳೆದ. ಸೈಲೆನ್ಸರ್ ಒಳಗೊಳಗೇ ನಕ್ಕಿತು. ಆದರೆ ಅವನ ಕೈ ಜಾಲರಿಗೆ ತಗುಲಿ, ಬೆರಳೆಲ್ಲ ಕಪ್ಪು ಕೆಸರಾಯಿತು. ಅದನ್ನೇ ದಿಟ್ಟಿಸಿ ನೋಡಿದವನು ಜಾಲರಿಯನ್ನು ಕಿತ್ತೆಸೆದು ಹೊಸದನ್ನು ಹಾಕಿದ.

ಮರುದಿನ ಕಾರು ಹಾರಿದಂತೆ ಓಡಿತು. ಪಂಪಿನ ಸದ್ದೇ ಇಲ್ಲ.

"ಕೊನೆಗೂ ಬುದ್ಧಿ ಬಂತೇನೋ?" ಎಂದಿತು ಸೈಲೆನ್ಸರ್.

"ಬಂತಣ್ಣಾ," ಎಂದಿತು ಪಂಪು, "ಪೊನ್ನಪ್ಪನಿಗೆ."