ಹಮಾಲನ ಹೆಗಲು

“ಗುರುಗಳೇ, ನಿನ್ನೆ ಓಟದ ಪಂದ್ಯದಲ್ಲಿ ನನ್ನ ಮಗಳು ಸೋತಳು. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಮಾತೇ ಹೊರಡಲಿಲ್ಲ, ಅವಳೂ ಆಡಲಿಲ್ಲ. ಸೋತ ಮಗುವಿಗೆ ತಂದೆಯಾದವನು ಏನು ಹೇಳಬೇಕು?” ಎಂದು ಮಡಿವಾಳಪ್ಪನೆಂಬ ಶಿಷ್ಯ ಕೇಳಿದ.

“ಹಿಂದಿನ ಸಲ ಗೆದ್ದಾಗ ಏನು ಮಾಡಿದ್ದೆ?” ಎಂದರು ಗುರುಗಳು.

“ಓಣಿಗೆಲ್ಲ ಲಾಡು ಹಂಚಿದ್ದೆ.”

“ಹೌದು, ನನಗೂ ಎರಡು ತಂದುಕೊಟ್ಟಿದ್ದೆ. ತಿಂದ ಋಣಕ್ಕೆ ಒಂದು ಕತೆ ಹೇಳುತ್ತೇನೆ, ಕೂತುಕೋ.”

ಒಬ್ಬ ಹಮಾಲನಿದ್ದ. ಹಗಲೆಲ್ಲ ಪೇಟೆಯಲ್ಲಿ ಮೂಟೆ ಹೊರುವವನು. ಅವನ ಹತ್ತು ವರ್ಷದ ಮಗ ಗರಡಿಗೆ ಹೋಗುತ್ತಿದ್ದ. ಆ ಗರಡಿಯಲ್ಲಿ ಮಕ್ಕಳ ಕುಸ್ತಿಗೆ ಒಂದು ಪದ್ಧತಿಯಿತ್ತು. ಜೋಡಿಯನ್ನು ಹಿರಿಯರು ಕಟ್ಟುತ್ತಿರಲಿಲ್ಲ. ಹುಡುಗ ತಾನೇ ಅಖಾಡದ ಒಂದು ಹಿಡಿ ಮಣ್ಣು ತೆಗೆದು ಯಾರ ಕೈಗೆ ಕೊಡುತ್ತಾನೋ ಅವನೊಡನೆ ಸೆಣಸಬೇಕು.

ಮೊದಲ ಕುಸ್ತಿಯಲ್ಲಿ ಮಗ ಸೋತ. ಹಮಾಲ ಬಯ್ಯಲಿಲ್ಲ, ಪಾಪ. ಸುಮ್ಮನೆ ಮುಂದೆ ನಡೆದ, ಮಗ ಹಿಂದೆ ನಡೆದ. ಎರಡನೆಯದರಲ್ಲಿ ಮಗ ಗೆದ್ದ. ಹಮಾಲನಿಗೆ ಹಿಗ್ಗೋ ಹಿಗ್ಗು! ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆಯ ನಡುವೆಯೇ ಮನೆಗೆ ಹೋದ. ಅಲ್ಲಿಂದ ಮುಂದೆ ಮಗ ಸೋಲಲೇ ಇಲ್ಲ. ಆರು ಕುಸ್ತಿ, ಆರು ಗೆಲುವು, ಆರು ಸಲ ಹೆಗಲು.

ಒಂದು ದಿನ ಗರಡಿಯ ಉಸ್ತಾದ ಹಮಾಲನನ್ನು ಕರೆದ.

“ಮಗ ಗೆದ್ದ ಅಂತ ಕುಣೀತೀಯಲ್ಲ, ಅವನು ಯಾರ ಕೈಗೆ ಮಣ್ಣು ಕೊಡ್ತಾನೆ ಅಂತ ನೋಡಿದೀಯಾ? ಆರೂ ಸಲ ತನಗಿಂತ ಸಣ್ಣವರಿಗೇ ಕೊಟ್ಟಿದಾನೆ.”

ಹಮಾಲನ ಮುಖ ಇಳಿದುಹೋಯಿತು. ಮನೆಗೆ ಬಂದು ಮಗನನ್ನು ಕೇಳಿದ, “ಯಾಕೋ ಹೀಗೆ ಮಾಡ್ದೆ?”

“ಸೋತರೆ ನೀನು ಹೆಗಲ ಮೇಲೆ ಕೂರಿಸ್ಕೊಳ್ಳಲ್ಲವಲ್ಲಪ್ಪ,” ಎಂದ ಮಗ.

ಕ್ವಿಂಟಲ್ ಮೂಟೆಗೆ ಬಗ್ಗದವನು ಆ ಮಾತಿಗೆ ಕುಸಿದು ಕುಳಿತ. ಸಂಕಟವಾಯಿತು, ತನ್ನ ಮೇಲೆಯೇ ಸಿಟ್ಟು ಬಂತು. ಆಮೇಲೆ ಮಗನ ತಲೆ ಸವರಿ, “ಇನ್ನು ಮೇಲೆ ನಿನಗೆ ಯಾರನ್ನ ಕಂಡರೆ ಭಯವೋ ಅವನ ಕೈಗೇ ಮಣ್ಣು ಕೊಡು. ಹೆಗಲಿನ ಚಿಂತೆ ನಿನಗೆ ಬೇಡ,” ಎಂದ.

ಮುಂದಿನ ಕುಸ್ತಿಯ ದಿನ ಮಗ ತನಗಿಂತ ಗೇಣುದ್ದ ಎತ್ತರದವನ ಮುಂದೆ ಹೋಗಿ ನಿಂತ. ಅವನ ಕೈಗೇ ಮಣ್ಣು ಕೊಟ್ಟ. ಬಹಳ ಹೊತ್ತು ಬಿಗಿಯಾಗಿ ಸೆಣಸಿದ, ಕಡೆಗೆ ಚಿತ್ತಾದ. ಎದ್ದವನು ತಂದೆಯ ಮುಖ ನೋಡಲಾರದೆ ನೆಲ ನೋಡುತ್ತ ನಿಂತ. ಹಮಾಲ ಅಖಾಡಕ್ಕೆ ಇಳಿದ. ಬೆನ್ನಿನ ಮಣ್ಣನ್ನೂ ಒರೆಸದೆ ಮಗನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಹೊರಟ.

ಪೇಟೆಯವರು ನಕ್ಕರು. “ಸೋತವನಿಗೂ ಮೆರವಣಿಗೆಯೇನಯ್ಯಾ?”

“ಯಾರ ಕೈಗೆ ಮಣ್ಣು ಕೊಟ್ಟ ಅಂತ ನೋಡಿದ್ರಾ? ನನ್ನ ಮಗ ಕಣ್ರಯ್ಯಾ ಇವನು!” ಎಂದು ಹಮಾಲ ಎದೆಯುಬ್ಬಿಸಿ ನಡೆದ. ಮೇಲೆ ಕುಳಿತವನೂ ಮೆಲ್ಲಗೆ ತಲೆಯೆತ್ತಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮಡಿವಾಳಪ್ಪನಿಗೆ ತಡೆಯಲಾಗಲಿಲ್ಲ.

“ಅದರ ಮುಂದಿನ ಕುಸ್ತಿಯಲ್ಲಾದರೂ ಹುಡುಗ ಗೆದ್ದನೇ, ಗುರುಗಳೇ?”

“ನಿನ್ನೆ ನೀನು ಬಾಯಿ ಬಿಡದಿದ್ದರೂ ದಾರಿಯುದ್ದಕ್ಕೂ ನಿನ್ನ ಮಗಳಿಗೆ ಕೇಳಿಸಿದ್ದು ಈ ಪ್ರಶ್ನೆಯೇ ಕಣಪ್ಪಾ.”