ಮಾರಿಗಾಡಿ ಹೊಳೆಯವರೆಗೆ ಹೋದದ್ದು

"ಗುರುಗಳೇ, ಆಪತ್ತು ಬಂದಾಗ ನಮ್ಮವರನ್ನು ಮೊದಲು ನೋಡಿಕೊಂಡು, ಮಿಕ್ಕಿದ್ದರೆ ಹೊರಗಿನವರಿಗೆ ಕೊಡುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಮಠದ ಸುತ್ತಿನ ಊರುಗಳಲ್ಲಿ ಆಗ ಜ್ವರ ಹಬ್ಬಿತ್ತು. ಕಷಾಯ ಹಂಚುವ ಕೆಲಸ ಶಿಷ್ಯನ ಪಾಲಿಗೆ ಬಂದಿತ್ತು. ತಪ್ಪಲ್ಲ ಎನ್ನಿಸಿಕೊಳ್ಳುವ ಆಸೆಯಿಂದಲೇ ಅವನು ಕೇಳಿದ್ದ. ಗುರುಗಳಿಗೆ ಅದು ತಿಳಿಯದೆ ಇರಲಿಲ್ಲ. ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಕಾಡಿನ ಅಂಚಿನಲ್ಲಿ ಒಂದು ಊರು. ಊರಿಗೂ ಹೊಳೆಗೂ ನಡುವೆ ಸಿದ್ದಿಗಳ ಕೇರಿ. ಅವರ ಹಿರಿಯರನ್ನು ಯಾವ ಕಾಲದಲ್ಲೋ ಕಡಲಾಚೆಯಿಂದ ಹಡಗಿನಲ್ಲಿ ಹಿಡಿದು ತಂದಿದ್ದರು. ಅವರು ತಪ್ಪಿಸಿಕೊಂಡು ಕಾಡು ಸೇರಿ, ಅಲ್ಲೇ ನೆಲೆ ನಿಂತರು. ಆಮೇಲೆ ಎಷ್ಟು ತಲೆಮಾರು ಆ ಮಣ್ಣಿನಲ್ಲಿ ಹುಟ್ಟಿ ಆ ಮಣ್ಣಿಗೇ ಸೇರಿತೋ, ಯಾರಿಗೂ ಗೊತ್ತಿಲ್ಲ. ಆದರೂ ಮೈಬಣ್ಣ ಕಪ್ಪು, ಕೂದಲು ಗುಂಗುರು ಎಂಬ ಕಾರಣಕ್ಕೆ ಊರವರ ಕಣ್ಣಿಗೆ ಅವರು ನಿನ್ನೆ ಬಂದವರು. ನಾಟಿಯ ಕೆಲಸವಿದ್ದರೆ, ಕೆರೆಯ ಹೂಳೆತ್ತಬೇಕಿದ್ದರೆ, ಡಂಗುರದವನು ಕೇರಿಯ ಕೊನೆಯ ಗುಡಿಸಲಿನವರೆಗೂ ಹೋಗಿ ಸಾರುತ್ತಿದ್ದ. ಆಗ ಮಾತ್ರ ಅವರು ಊರವರು. ಕೆಲಸ ಮುಗಿದ ಮೇಲೆ ಮತ್ತೆ ಹೊರಗಿನವರು.

ಆ ಊರಿನಲ್ಲೊಂದು ಪದ್ಧತಿ. ರೋಗ ಬಂದರೆ ಮಾರಿಯನ್ನು ಗಡಿ ದಾಟಿಸುವುದು. ಬೇವಿನ ಸೊಪ್ಪು ಕಟ್ಟಿದ ಚಿಕ್ಕ ಮರದ ಗಾಡಿ. ಅದರ ಮುಂದೆ ಊರಿನ ವೈದ್ಯ, ಅವನ ಜೊತೆಗೆ ಕಷಾಯದ ಹಂಡೆ. ಗಾಡಿ ಮನೆಮನೆಯ ಮುಂದೆ ನಿಲ್ಲಬೇಕು. ವೈದ್ಯ ಒಳಗೆ ಹೋಗಿ ಮಲಗಿದವರನ್ನು ನೋಡಬೇಕು, ಕಷಾಯ ಕುಡಿಸಬೇಕು. ರೋಗಿಯ ಹಳೆಯ ಚಾಪೆ ಗಾಡಿಗೆ ಬೀಳಬೇಕು. ಗಡಿಯೊಳಗಿನ ಒಂದೇ ಒಂದು ಮನೆ ಬಿಟ್ಟರೂ ಮಾರಿ ಅಲ್ಲೇ ಉಳಿದುಬಿಡುತ್ತಾಳೆ ಎಂಬ ನಂಬಿಕೆ. ಕಡೆಗೆ ಗಾಡಿಯನ್ನು ಗಡಿಕಲ್ಲಿನ ಆಚೆಗೆ ತಳ್ಳಿ ಬರುವುದು. ಗಡಿಕಲ್ಲು ಇದ್ದದ್ದು ಸಿದ್ದಿಗಳ ಕೇರಿಗಿಂತ ಈಚೆಗೆ. ಊರವರು ಕೈಕಾಲು ತೊಳೆದು ಉಣ್ಣಲು ಕೂರುವ ಹೊತ್ತಿಗೆ ಮಾರಿಗಾಡಿ ಕೇರಿಯ ಬಾಯಲ್ಲಿ ನಿಂತಿರುತ್ತಿತ್ತು. ಕೇರಿಯಲ್ಲಿ ಜ್ವರ ಶುರುವಾಗುತ್ತಿತ್ತು. ಇದು ತಪ್ಪೆಂದು ಊರಿನಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ. ಪದ್ಧತಿಯಲ್ಲವೇ!

ಒಂದು ವರ್ಷ ನಾಟಿಯ ಕಾಲಕ್ಕೆ ಸರಿಯಾಗಿ ಜ್ವರ ಬಂತು. ಆ ಸಲ ಗಾಡಿ ಬರುವ ಮೊದಲೇ ಅದು ಕೇರಿಗೂ ಬಂದಿತ್ತು. ಒಬ್ಬ ಸಿದ್ದಿ ಹೆಂಗಸಿನ ಮಗಳು ಹಾಸಿಗೆ ಹಿಡಿದಳು. ಹಿಂದಿನ ಜ್ವರ ಹೆಂಗಸಿನ ಗಂಡನನ್ನು ಕೊಂಡೊಯ್ದಿತ್ತು. ಇವಳೂ ಹೋದರೆ ತನಗೆ ಯಾರೂ ಇಲ್ಲವೆಂದು ತಾಯಿ ಬೆದರಿದಳು. ಓಡಿ ಹೋಗಿ ವೈದ್ಯನನ್ನು ಕರೆದಳು. ವೈದ್ಯ ಕೆಟ್ಟವನಲ್ಲ, ಪುಕ್ಕಲ. ಗಡಿಕಲ್ಲು ದಾಟಲು ಗೌಡರ ಅಪ್ಪಣೆಯಿಲ್ಲ ಎಂದ. ಹೆಂಗಸು ಅಳುತ್ತ ಹೊರಟಳು. ಕೇರಿ ಮುಟ್ಟುವಷ್ಟರಲ್ಲಿ ಅವಳ ಅಳು ಸಿಟ್ಟಾಗಿತ್ತು.

ಕೇರಿಯವರನ್ನೆಲ್ಲ ಕೂಡಿಸಿದಳು. ಗೌಡರ ಕಾಲು ಹಿಡಿಯೋಣ, ಉಳಿದ ಕಷಾಯವನ್ನಾದರೂ ಕೊಟ್ಟಾರು ಎಂದರು ಮುದುಕರು. ಉಳಿದದ್ದನ್ನು ನಂಬಿಕೊಂಡೇ ನಮ್ಮ ಮನೆಗಳು ಬರಿದಾದವು ಎಂದಳು ಆಕೆ. ಮುದುಕರೂ ಒಪ್ಪಿದರು. ಗಾಡಿ ಹೊರಡುವ ದಿನ, ಎದ್ದು ನಡೆಯಬಲ್ಲವರೆಲ್ಲ ತಮ್ಮ ಡಮಾಮಿ ವಾದ್ಯ ಹೊತ್ತು ಬಂದು, ಗಡಿಕಲ್ಲಿನ ಬಳಿ ದಾರಿಗೆ ಅಡ್ಡವಾಗಿ ಕೂತರು.

ಗಾಡಿ ಬಂತು. ಮುಂದೆ ಊರ ಗೌಡ.

"ಏಳ್ರೋ! ಮಾರಿಗೇ ಅಡ್ಡ ಕೂರ್ತೀರಾ?" ಎಂದು ಗದರಿದ.

ಹೆಂಗಸು ಎದ್ದು ನಿಂತಳು. "ಏಳ್ತೀವಿ ಗೌಡ್ರೇ. ನಿಮ್ಮೂರ ಗಡಿ ಎಲ್ಲಿದೆ, ಅದೊಂದು ಹೇಳಿ. ನಾಟಿಗೆ ಡಂಗುರ ಹೊಡೆಸುವಾಗ ಅದು ಹೊಳೆ ಹತ್ರ ಇರ್ತದೆ. ಮಾರಿ ತಳ್ಳುವಾಗ ಈ ಕಲ್ಲಿನ ಹತ್ರ ಬರ್ತದೆ. ಕಲ್ಲೇ ಗಡಿ ಅಂದ್ರೆ ನಾಳೆಯಿಂದ ಡಂಗುರದವನೂ ಇಲ್ಲೇ ನಿಲ್ಲಲಿ, ನಾವು ನಿಮ್ಮ ಗದ್ದೆಗೆ ಇಳಿಯೂದಿಲ್ಲ. ಹೊಳೆಯೇ ಗಡಿ ಅಂದ್ರೆ ಗಾಡಿ ಹೊಳೇವರೆಗೂ ನಡೀಲಿ. ನಿಮ್ಮ ಪದ್ಧತಿ ಹ್ಯಾಂಗಿದೆಯೋ ಹಾಂಗೇ ಮನೆಮನೆ ಮುಂದೆ ನಿಲ್ಲಲಿ."

ಗೌಡನ ಸಸಿಮಡಿಯಲ್ಲಿ ಸಸಿ ಬಲಿಯುತ್ತಿತ್ತು, ನಾಟಿಗೆ ಆಳು ಬೇಕಿತ್ತು. ಆದರೆ ಗೌಡ ಗೌಡನೇ, ಅಷ್ಟಕ್ಕೆ ಸೋಲುವವನಲ್ಲ. ಒಂದು ತಂಬಿಗೆಯ ತುಂಬ ಕಷಾಯ ತುಂಬಿಸಿ ಅವಳ ಮುಂದೆ ಹಿಡಿದ. "ನಿನ್ನ ಮಗಳಿಗೆ ಹುಷಾರಿಲ್ಲವಂತೆ. ತಗೊಂಡು ಹೋಗು. ಉಳಿದವರ ಗೊಡವೆ ನಿನಗ್ಯಾಕೆ?" ಎಂದ.

ಅವಳ ಕೈ ತಾನಾಗಿ ಮುಂದೆ ಹೋಯಿತು. ತಾಯಿಯ ಕೈ, ಹೋಗದೆ ಇದ್ದೀತೇ? ಒಮ್ಮೆ ತಿರುಗಿ ನೋಡಿದಳು. ಕೂತವರಲ್ಲಿ ಎಲ್ಲರ ಮನೆಯಲ್ಲೂ ಯಾರೋ ಒಬ್ಬರು ಮಲಗಿದ್ದರು. ಆದರೂ ಬೇಡವೆಂದು ಯಾರೂ ಅನ್ನಲಿಲ್ಲ. ಒಬ್ಬ ಮುದುಕಿಯಂತೂ ತಗೋ ಎಂದು ಕಣ್ಣಿನಲ್ಲೇ ಹೇಳಿದಳು. ಅದನ್ನು ನೋಡಿದ ಮೇಲೆ ಆಕೆಗೆ ತೆಗೆದುಕೊಳ್ಳಲು ಆಗಲಿಲ್ಲ.

"ನನ್ನ ಮನೆ ಕೇರಿಯ ಕೊನೇದು ಗೌಡ್ರೇ. ಮೊದಲ ಮನೆಯಿಂದ ಬನ್ನಿ. ಬೇಗ ಬನ್ನಿ," ಎಂದಳು.

ಆಗ ಆ ಪುಕ್ಕಲು ವೈದ್ಯ ಮುಂದೆ ಬಂದ. ಗೌಡನ ಕೈಯಿಂದ ತಂಬಿಗೆ ತೆಗೆದುಕೊಂಡು, ಕಷಾಯವನ್ನು ಮತ್ತೆ ಹಂಡೆಗೆ ಸುರಿದ. ಮೊದಲ ಮನೆ ಯಾವುದೆಂದು ಹೆಂಗಸನ್ನು ಕೇಳಿದ. ಗಾಡಿ ಎಳೆಯುವವರು ಗೌಡನ ಮುಖ ನೋಡಿದರು. ಗೌಡ ಗದ್ದೆಯ ಕಡೆ ನೋಡಿದ, ಕೂತವರ ಕಡೆ ನೋಡಿದ. ಹೊಳೆಯೇ ಗಡಿ ಎಂದು ಗೊಣಗಿದ. ಗಟ್ಟಿಯಾಗಿ ಹೇಳಿ ಎಂದು ಆಕೆ ಪಟ್ಟು ಹಿಡಿದಳು. ಗೌಡ ಊರಿಗೆಲ್ಲ ಕೇಳುವಂತೆ ಹೇಳಿದ.

ಡಮಾಮಿಗಳು ಒಟ್ಟಿಗೆ ಮೊಳಗಿದವು. ಹುಟ್ಟಿದಂದಿನಿಂದ ಕೇರಿ ಕಂಡಿರದ ಸಂಭ್ರಮ ಅದು. ಗಾಡಿ ಕಲ್ಲು ದಾಟಿತು, ವೈದ್ಯನೂ ದಾಟಿದ. ಒಂದು ಗುಡಿಸಲನ್ನೂ ಬಿಡದೆ ಒಳಗೆ ಹೋದ, ಕಷಾಯ ಕುಡಿಸಿದ. ಕೊನೆಯ ಮನೆಯ ಹುಡುಗಿಗೂ ಕುಡಿಸಿದ. ಗಾಡಿಯನ್ನು ಹೊಳೆಯ ಆಚೆ ದಂಡೆಗೆ ತಳ್ಳಲು ಹೊರಟಾಗ ಆ ಹೆಂಗಸು ಮತ್ತೆ ತಡೆದಳು. ಆಚೆಯೂ ಯಾರಾದರೂ ಇದ್ದಾರು ಎಂದಳು. ಗಾಡಿಯನ್ನು ಮರಳಿನ ಮೇಲೆ ಸುಟ್ಟರು. ಊರಿನ ಹುಡುಗರೂ ಕೇರಿಯ ಹುಡುಗರೂ ಸೇರಿ ಗಡಿಕಲ್ಲನ್ನು ಕಿತ್ತು ತಂದು ಹೊಳೆಯ ದಂಡೆಯಲ್ಲಿ ನೆಟ್ಟರು.

ಆ ವರ್ಷ ಜ್ವರ ಊರಿಗೂ ಮರಳಲಿಲ್ಲ, ಕೇರಿಗೂ ಮರಳಲಿಲ್ಲ. ಹುಡುಗಿ ಎದ್ದು ಕೂತಳು. ಗಂಜಿಗೆ ಉಪ್ಪು ಸಾಲದೆಂದು ತಾಯಿಯೊಡನೆ ಜಗಳ ತೆಗೆದಳು. ಆ ಜಗಳ ಕೇಳಿ ತಾಯಿ ಕುಣಿದಾಡಿದಳು.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು.

"ಗೌಡರದು ದೊಡ್ಡ ಮನಸ್ಸು, ಗುರುಗಳೇ. ಹೊರಗಿದ್ದವರನ್ನು ಊರೊಳಗೆ ಸೇರಿಸಿಕೊಂಡರು," ಎಂದ.

"ಅವರು ಮೊದಲಿನಿಂದಲೂ ಊರೊಳಗೇ ಇದ್ದರು, ಮಗೂ; ಆ ದಿನ ಊರೊಳಗೆ ಬಂದವನು ಗೌಡ."